ತಪ್ಪಿ ಹಾರಿದ್ದಲ್ಲ

ಸಾವಂತ್ರೆವ್ವ ಹುಟ್ಟಿ ಬೆಳೆದದ್ದು ಶಲವಡಿಯಲ್ಲಿ. ಆ ಕಡೆ ಎಲ್ಲ ಕಪ್ಪು ಮಣ್ಣಿನ ಎರಿ ಭೂಮಿ. ಕಣ್ಣು ಹಾಯುವಷ್ಟು ದೂರ ಬಯಲು, ಒಂದು ಮೊಲ ಓಡಿದರೂ ಊರಿಗೆಲ್ಲ ಕಾಣುವಂಥ ಸೀಮೆ. ಮದುವೆಯಾಗಿ ಬಮ್ಮಿಗಟ್ಟಿಗೆ ಬಂದ ದಿನ, ಪಡಸಾಲೆಯ ಗೋಡೆಗೆ ಬಂದೂಕು ತೂಗುಹಾಕಿದ್ದನ್ನು ಕಂಡು, ಹೊಸ್ತಿಲ ಮೇಲಿನ ಸೇರು ಒದೆಯುವುದನ್ನು ಮರೆತು ನಿಂತುಬಿಟ್ಟಳು.

“ಹೆದರಬ್ಯಾಡ ಬೇ, ಅದು ಹಂದಿಗೆ, ಸೊಸಿಗಲ್ಲ” ಅಂದಳು ಅತ್ತೆ. ಬೀಗರೆಲ್ಲ ಬಿದ್ದು ಬಿದ್ದು ನಕ್ಕರು. ಸಾವಂತ್ರೆವ್ವನಿಗೂ ನಗು ಬಂತು. ಸೇರು ಒದ್ದು ಒಳಗೆ ಬಂದಳು.

ಬಮ್ಮಿಗಟ್ಟಿಗೆ ಕಾಡು ಹತ್ತಿರ. ಗೋವಿನಜೋಳ ಬಿತ್ತಿದರೆ ಕಾಡಹಂದಿ ಬಂದು ಬೀಜ ಕೆದರುತ್ತವೆ, ತೆನೆ ಬಿಟ್ಟರೆ ದಂಟು ಉರುಳಿಸುತ್ತವೆ. ಬೆಳೆ ಕಾಯುವುದಕ್ಕೆಂದು ಆಕೆಯ ಮಾವನಿಗೆ ಸರ್ಕಾರ ಆ ಬಂದೂಕಿಗೆ ಲೈಸೆನ್ಸು ಕೊಟ್ಟಿತ್ತು. ಓಣಿಯಲ್ಲಿ ಇನ್ನಾರಿಗೂ ಇರದ ವಸ್ತು. ಮನೆತನದ ಹಳೆಯ ಅಡ್ಡಹೆಸರು ಜನರ ಬಾಯಲ್ಲಿ ಸವೆದುಹೋಗಿ, ಎಲ್ಲರೂ ‘ಬಂದೂಕದವರು’ ಅನ್ನತೊಡಗಿದ್ದರು. ಮುಂದೆ ಮಕ್ಕಳ ಶಾಲೆಯ ಹಾಜರಿಯಲ್ಲೂ ಅದೇ ಹೆಸರು ಕೂತಿತು. ಮಹಾನವಮಿಗೆ ನೇಗಿಲು, ಕುಡಗೋಲಿನ ಜೊತೆ ಬಂದೂಕಿಗೂ ಕುಂಕುಮ, ಚೆಂಡುಹೂವು. ಮಾವ ಹೋದ ಮೇಲೆ ಲೈಸೆನ್ಸು ಹಿರಿಯ ಮಗ ಶಿದ್ಲಿಂಗಪ್ಪನ ಹೆಸರಿಗೆ ಬಂತು. ಅವನೇ ಸಾವಂತ್ರೆವ್ವನ ಗಂಡ. ಬಂದೂಕು ಗೋಡೆಯಿಂದ ಇಳಿದು ಕಪಾಟು ಸೇರಿತು, ಕೀಲಿ ಅವನ ಉಡದಾರಕ್ಕೆ.

ಸಾವಂತ್ರೆವ್ವ ಓದಿದ್ದು ಎರಡನೆಯ ಇಯತ್ತೆ. ಮಾತಾಡುವುದು ಕಡಿಮೆ, ಕೇಳುವುದು ಹೆಚ್ಚು. ನಡುವೆ ಬಾಯಿ ಹಾಕದೆ ಕೇಳುವವಳು ಎಂದು ಓಣಿಯ ಹೆಂಗಸರು ತಮ್ಮ ತಮ್ಮ ಮನೆಯ ಕತೆಗಳನ್ನೆಲ್ಲ ಆಕೆಯ ಹಿತ್ತಲಿಗೆ ತಂದು ಸುರಿಯುತ್ತಿದ್ದರು. ಆಕೆ ಹೇಳಿಕೊಂಡದ್ದು ಮಾತ್ರ ಕಡಿಮೆ. ಮೊದಲನೆಯ ಹೆಣ್ಣುಕೂಸು ತೊಟ್ಟಿಲಲ್ಲೇ ತೀರಿಹೋದ ವರ್ಷ, ಒಂದು ಮಧ್ಯಾಹ್ನ ಮನೆ ಬಾಗಿಲು ಎಳೆದುಕೊಂಡು ಕೆರೆಯ ಕಡೆ ಹೊರಟಿದ್ದಳು. ಮತ್ತೆ ಮನೆಗೆ ಬರುವ ಮನಸ್ಸಿರಲಿಲ್ಲ. ದಾರಿಯಲ್ಲಿ ಬಾಜು ಮನೆಯವಳು, “ಎವ್ವಾ ಸಾವಂತ್ರಿ, ನಿಮ್ಮನ್ಯಾಗ ಹೆಪ್ಪ ಐತೇನು? ನಮ್ಮದು ಹುಳಿ ಬಂದೇತಿ” ಎಂದು ಕೂಗಿದಳು. ಹೆಪ್ಪು ಕೊಡಲೆಂದು ಹಿಂದಿರುಗಿದಳು. ಕೊಟ್ಟಳು. ಆಕೆ ಕೂತು ತನ್ನ ಅತ್ತೆಯ ಮೇಲೆ ಚಾಡಿ ಹೇಳಿದಳು. ಹೊತ್ತು ಹೋಯಿತು. ಎಮ್ಮೆ ಕೂಗಿತು, ಹಿಂಡಲು ಎದ್ದಳು. ಆ ಕೆಟ್ಟ ಗಳಿಗೆ ಹಾಗೆ ದಾಟಿಹೋಯಿತು. ಹೆಪ್ಪು ಕೇಳಿದವಳಿಗೆ ಇವತ್ತಿಗೂ ಅದು ಗೊತ್ತಿಲ್ಲ.

ಮೈದುನ ಹುಲಿಗೆಪ್ಪನನ್ನು ಮಾತ್ರ ಯಾರೂ ಹಾಗೆ ಕೂಗಲಿಲ್ಲ.

ಹುಲಿಗೆಪ್ಪ, ಸಾವಂತ್ರೆವ್ವ ಬಂದಾಗ ಮೂಗು ಒರೆಸಿಕೊಳ್ಳಲು ಬಾರದ ಹುಡುಗ. ಅವನ ತಲೆ ಬಾಚಿದವಳು, ರೊಟ್ಟಿ ಕಟ್ಟಿಕೊಟ್ಟವಳು, ಮುಂದೆ ಹನಮವ್ವನನ್ನು ಹುಡುಕಿ ಅವನಿಗೆ ಮದುವೆ ಮಾಡಿಸಿದವಳೂ ಆಕೆಯೇ. ದೊಡ್ಡ ನಗೆಯ ಮನುಷ್ಯ. ಒಂದು ವರ್ಷ ಹತ್ತಿ ಬಿಡಿಸುವ ಸುಗ್ಗಿಯಲ್ಲಿ ಯಾಕೋ ಮಂಕಾದ. ಏನು ಕಡಿಮೆಯಾಗಿದೆ ಎಂದು ಕೇಳಿದರೆ ಏನೂ ಇಲ್ಲ ಅನ್ನುತ್ತಿದ್ದ, ನಿಜಕ್ಕೂ ಎಣಿಸಿ ತೋರಿಸುವಂಥದ್ದು ಏನೂ ಇರಲಿಲ್ಲ. ಸಾವಂತ್ರೆವ್ವನ ಕಿವಿಗೆ ಬಿದ್ದದ್ದು ಒಂದೇ: ಅವನ ಬಾಯಲ್ಲಿ ‘ನಾಳಿ’ ಅನ್ನುವ ಮಾತು ಬರುವುದು ನಿಂತಿತ್ತು. ನಾಳೆ ಸಂತೆಗೆ ಹೋಗುತ್ತೀಯಾ ಅಂದರೆ ‘ನೋಡೂಣು’ ಅಂದೂ ಅನ್ನುತ್ತಿರಲಿಲ್ಲ, ಮುಗುಳುನಕ್ಕು ಸುಮ್ಮನಾಗುತ್ತಿದ್ದ. ಆಕೆ ಕೇಳಿಸಿಕೊಂಡಳು. ಏನೆಂದು ತಿಳಿಯಲಿಲ್ಲ.

ಒಂದು ಮುಂಜಾನೆ ಕೊಟ್ಟಿಗೆಯಲ್ಲಿ ಬಂದೂಕಿನ ಸಪ್ಪಳವಾಯಿತು. ಮೊದಲು ಓಡಿದವನು ಶಿದ್ಲಿಂಗಪ್ಪ, ಹಿಂದೆಯೇ ಸಾವಂತ್ರೆವ್ವ. ಕಂಡದ್ದನ್ನು ಇಬ್ಬರೂ ಕಂಡರು. ತಪ್ಪಿ ಆದದ್ದಲ್ಲ ಎಂಬುದು ಇಬ್ಬರಿಗೂ ತಿಳಿಯಿತು. ಓಣಿಯ ಜನ ಬಂದು ಸೇರುವುದರೊಳಗೆ ಶಿದ್ಲಿಂಗಪ್ಪ ಒಂದು ಹಳೆಯ ಅರಿವೆ, ಒಂದು ಎಣ್ಣೆಯ ಬಟ್ಟಲು ತಂದು ಅಲ್ಲಿಟ್ಟ. “ಒರಸಾಕ ಕುಂತಿದ್ದ, ತಪ್ಪಿ ಹಾರೇತಿ” ಅಂದ. ಪೊಲೀಸರಿಗೂ ಅದನ್ನೇ ಬರೆಸಿದ. ಸಾವಂತ್ರೆವ್ವ ಹೆಬ್ಬೆಟ್ಟು ಒತ್ತಿದಳು.

ಆ ಒಂದು ಮಾತು ಬಹಳ ಜನರ ಮಾನ ಉಳಿಸಿತು. ಬೀಗರು ಮಣ್ಣಿಗೆ ಬಂದರು. ದಿನಕರ್ಮಕ್ಕೆ ಸ್ವಾಮಿಗಳು ಬಂದರು. ಹನಮವ್ವನನ್ನು ಯಾರೂ, ನೀನೇನಂದಿದ್ದೆ ಗಂಡನಿಗೆ ಎಂದು ಕೇಳಲಿಲ್ಲ. ಅವಳ ಏಳು ವರ್ಷದ ಮಗಳು ಶಿವಾನಿ, ಅಪಘಾತದಲ್ಲಿ ಅಪ್ಪನನ್ನು ಕಳೆದುಕೊಂಡ ಕೂಸು ಎಂದು ಊರಿನ ಕನಿಕರದಲ್ಲಿ ಬೆಳೆದಳು. ತಪ್ಪಿ ಹಾರಿದ್ದಾದ್ದರಿಂದ ಬಂದೂಕಿನ ಮೇಲೂ ದೋಷ ಉಳಿಯಲಿಲ್ಲ. ಶಿದ್ಲಿಂಗಪ್ಪ ಕೋರ್ಟಿಗೆ ಓಡಾಡಿ ಅದನ್ನು ಬಿಡಿಸಿಕೊಂಡು ಬಂದ. ಮತ್ತೆ ಮಹಾನವಮಿಗೆ ಚೆಂಡುಹೂವು ಏರಿಸಿದ. ಹೂವಿನ ತಟ್ಟೆ ಹಿಡಿದು ನಿಂತ ಸಾವಂತ್ರೆವ್ವನಿಗೆ ಅದು ಮನೆಯಲ್ಲೇ ಬೇಡವಾಗಿತ್ತು. ಆದರೆ ಏನೆಂದು ಹೇಳಬೇಕು? ತಪ್ಪಿ ಹಾರಿದ್ದಕ್ಕೆ ಬಂದೂಕನ್ನು ಮನೆಯಿಂದ ಹೊರಗೆ ಹಾಕಿದವರುಂಟೇ?

ಇದೆಲ್ಲ ಆಗಿ ಹನ್ನೆರಡು ವರ್ಷ. ಈಗ ಶಿವಾನಿಗೆ ಸಂಶಿಯಲ್ಲಿ ಗಂಡು ಗೊತ್ತಾಗಿತ್ತು. ನಿಶ್ಚಯದ ಸಕ್ಕರೆ ಹಂಚಿ ಆಗಿತ್ತು, ಲಗ್ನದ ದಿನ ತೆಗೆಯುವುದೊಂದು ಬಾಕಿ.

ಮತ್ತು ಈಗ ಶಿದ್ಲಿಂಗಪ್ಪ ಮಂಕಾಗಿದ್ದ.

ಇವನು ತಮ್ಮನಂತೆ ನಗುವವನಲ್ಲ, ಜಗಳದ ಮನುಷ್ಯ. ಪಲ್ಯಕ್ಕೆ ಉಪ್ಪು ಹೆಚ್ಚಾದರೆ ಕೂಗಾಡುವವನು. ಬದುವಿನ ಮೇಲೆ ಯಾರದೋ ಕುರಿ ಬಂದರೆ ಊರಿಗೆ ಕೇಳುವಂತೆ ಬಯ್ಯುವವನು. ಬೇಸಿಗೆಯಿಂದೀಚೆಗೆ ಎಲ್ಲದಕ್ಕೂ ‘ಆಗಲಿ’ ಅನ್ನತೊಡಗಿದ. ಮಗ ಪುಂಡಲೀಕ, ಈ ಸಲ ಮೇಲಿನ ಹೊಲಕ್ಕೆ ಸೋಯಾ ಹಾಕೋಣವೇ ಅಂದರೆ ಆಗಲಿ. ಸೊಸೆ ಮಲ್ಲಿಕಾ ಅರ್ಧ ಬೆಂದ ಅನ್ನ ಬಡಿಸಿದರೂ ಆಗಲಿ. ತನ್ನ ಪ್ರೀತಿಯ ಎತ್ತಿನ ಕೊರಳಗೆಜ್ಜೆಯನ್ನು ಕೇಳದವರಿಗೆ ಕರೆದು ಕೊಟ್ಟ. ಸಾವಂತ್ರೆವ್ವ ಒಲೆಯ ಮುಂದೆ ಕೂತು ಕಿವಿಗೊಟ್ಟಳು. ದಿನಗಟ್ಟಲೆ ಕಿವಿಗೊಟ್ಟಳು. ಗಂಡನ ಬಾಯಲ್ಲಿ ‘ನಾಳಿ’ ಇರಲಿಲ್ಲ.

ಅವನು ತಾನಾಗಿ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. “ಪುಂಡಲೀಕಾ, ಠಾಣೆದಾಗಿಂದ ಫೋನ ಬಂತೇನೋ?”

ಚುನಾವಣೆ ಬಂತೆಂದರೆ ಲೈಸೆನ್ಸಿನ ಬಂದೂಕುಗಳನ್ನೆಲ್ಲ ಠಾಣೆಗೆ ಒಯ್ದು ಇಡಬೇಕು. ಮತ ಎಣಿಕೆ ಮುಗಿದ ಮೇಲೆ ವಾಪಸು ಕೊಡುತ್ತಾರೆ. ಈ ಸಲವೂ ಇಟ್ಟು ಬಂದಿದ್ದರು. ಎಣಿಕೆ ಮುಗಿಯಿತು, ಗುಲಾಲು ಹಾರಿತು, ಫೋನೂ ಬಂತು.

ಆ ಮಧ್ಯಾಹ್ನ ಪುಂಡಲೀಕ ಉಣ್ಣಲು ಕೂತಿದ್ದ. ಶಿದ್ಲಿಂಗಪ್ಪ ಹಿತ್ತಲಲ್ಲಿ ಎತ್ತಿನ ಹತ್ತಿರ ಸುಮ್ಮನೆ ನಿಂತಿದ್ದ.

“ಪುಂಡಲೀಕಾ, ಬಂದೂಕ ತರೂದು ಬ್ಯಾಡ” ಅಂದಳು ಸಾವಂತ್ರೆವ್ವ.

“ಬ್ಯಾಡಂದ್ರ? ಯವ್ವಾ, ನಿನ್ನೆ ಬಿತ್ತಿದ್ದ ಸಾಲ ನೋಡಿಯೇನು? ಹಂದಿ ಬಂದು ನೇಗಿಲ ಹೊಡದಾಂಗ ಹೊಡದಾವ.”

“ತಗಡ ಬಡೀರಿ. ಪಟಾಕ್ಷಿ ಹಾರಸ್ರಿ.”

“ತಗಡಕ್ಕ ಹಂದಿ ಕುಣೀತಾವ ಈಗ. ತಿಳಿಲಾರದ ಮಾತಾಡಬ್ಯಾಡ. ಒಮ್ಮೆ ಲೈಸೆನ್ಸ ಹೋತಂದ್ರ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಸಿಗಂಗಿಲ್ಲ. ಬಂದೂಕದವರ ಮನ್ಯಾಗ ಬಂದೂಕಿಲ್ಲಂದ್ರ ಮಂದಿ ಏನಂತಾರು?”

“ನಿಮ್ಮಪ್ಪನ ಮಾರಿ ನೋಡಿಯೇನು?”

ಪುಂಡಲೀಕನ ತುತ್ತು ಕೈಯಲ್ಲಿ ನಿಂತಿತು. ಅವನಿಗೂ ಕಂಡಿತ್ತು. ಕಂಡದ್ದನ್ನು ಮಾತಿಗೆ ತರುವುದು ಬೇಡವಾಗಿತ್ತು.

“ವಯಸ್ಸಾತು, ಸುಸ್ತ ಇರ್ತೈತಿ. ಮತ್ತ ನೀ ಅನ್ನೂದು ಖರೇ ಅಂತ ಇಟಕೋ, ಸಾಯಬೇಕನ್ನಾಂವಗ ಬಂದೂಕ ಬೇಕೇನು? ಬ್ಯಾರೇ ದಾರಿ ಇಲ್ಲೇನು? ಮನಿ ಮನಿ ಬಾವಿ ಮುಚ್ಚಸ್ತೀಯೇನು ನೀ?”

“ಆ ಗಳಿಗಿ ಬರ್ತೈತಿ, ಹೋಕ್ಕೈತಿ ಪುಂಡಲೀಕಾ. ಅದು ಹೋಗೂತನಾ ಕೈಯಾಗ ಏನೂ ಸಿಗಬಾರದು. ಯಾರರೆ ಒಬ್ರು ಕೂಗಾಕರೆ ಹೊತ್ತ ಸಿಗಬೇಕು. ಅದು ಮನ್ಯಾಗಿದ್ರ ಹೊತ್ತ ಸಿಗಂಗಿಲ್ಲ.”

“ನಿನಗ ಹ್ಯಾಂಗ ಗೊತ್ತ?”

ಸಾವಂತ್ರೆವ್ವನ ಬಾಯಿಗೆ ಮಾತು ಬಂದು ನಿಂತಿತು. ಚಿಕ್ಕಪ್ಪ ಹೋದಾಗ ಪುಂಡಲೀಕ ಕಲಘಟಗಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಶಾಲೆ ಕಲಿಯುತ್ತಿದ್ದವನು. ಎಲ್ಲರಂತೆ ಅವನಿಗೂ ತಿಳಿದದ್ದು ‘ತಪ್ಪಿ ಹಾರೇತಿ’ ಅಷ್ಟೆ. ಗೋಡೆಯ ಆಚೆ, ಪಾಲಾದ ಮನೆಯಲ್ಲಿ ಹನಮವ್ವ ಮಗಳ ಜೊತೆ ಏನೋ ನಗುತ್ತಿದ್ದದ್ದು ಕೇಳಿಸುತ್ತಿತ್ತು. ಲಗ್ನದ ಸೀರೆಯ ಮಾತು. ಈ ಮಾತು ಬಾಯಿಂದ ಹೊರಟರೆ ಆ ನಗು ನಿಲ್ಲುತ್ತದೆ. ಸಂಶಿಯವರು ಹಿಂದೆ ಸರಿಯುತ್ತಾರೆ, ಆ ವಂಶದಾಗ ಅಂಥಾದ್ದು ಐತಂತ ಎಂದು ಇನ್ನೊಂದು ಗಂಡು ಬರುವುದಕ್ಕೂ ಬಿಡುವುದಿಲ್ಲ.

“ಠಾಣೆಗೆ ನಾನೂ ಬರ್ತೀನಿ” ಅಂದಳು ಅಷ್ಟೆ.

“ಬಾ. ಬಸ್ಸಿನಾಗ ನಿನಗ ಪುಕ್ಕಟೆ” ಎಂದು ನಕ್ಕು ಕೈ ತೊಳೆದ.

ಮರುದಿನ ಮುಂಜಾನೆ ಮೂವರೂ ಬಸ್ಸು ಹತ್ತಿದರು. ಶಿದ್ಲಿಂಗಪ್ಪ ಕ್ಷೌರ ಮಾಡಿಸಿಕೊಂಡಿದ್ದ, ಇಸ್ತ್ರಿಯ ಅಂಗಿ ತೊಟ್ಟಿದ್ದ. ಎಷ್ಟೋ ದಿನದ ಮೇಲೆ ಅವನ ಮುಖ ಹಗುರಾಗಿತ್ತು. ಮುಂದಿನ ಸೀಟಿನಲ್ಲಿದ್ದ ಊರಿನವನೊಬ್ಬ ತಿರುಗಿ, “ಏನ್ ಬಂದೂಕದವರ, ಫೌಜ ಕಟಗೊಂಡ ಹೊಂಟೀರೇನು? ಹೆಂಡ್ತಿನೂ ಭರ್ತಿ ಮಾಡೀರಿ!” ಅಂದ. ಶಿದ್ಲಿಂಗಪ್ಪ ನಕ್ಕ. ನಕ್ಕದ್ದನ್ನು ಕಂಡು ಪುಂಡಲೀಕ, ನೋಡಿದೆಯಾ ಅನ್ನುವಂತೆ ತಾಯಿಯತ್ತ ತಿರುಗಿದ. ಆಕೆ ಗಂಡನ ಮುಖವನ್ನೇ ನೋಡಿದಳು. ಹುಲಿಗೆಪ್ಪನ ಮುಖವೂ ಕೊನೆಗೆ ಹೀಗೆಯೇ ಹಗುರಾಗಿತ್ತು, ಮನೆಯವರೆಲ್ಲ ಹುಡುಗ ಚೇತರಿಸಿಕೊಂಡ ಎಂದು ಸಮಾಧಾನಪಟ್ಟಿದ್ದರು.

ಠಾಣೆಯಲ್ಲಿ ಹಾರೂನ್ ಹವಾಲ್ದಾರ ಇದ್ದ. ನಿವೃತ್ತಿಗೆ ಬಂದ ಮನುಷ್ಯ, ಎಲ್ಲರನ್ನೂ ಬಲ್ಲವನು. “ಬರ್ರಿ ಶಿದ್ಲಿಂಗಪ್ಪನವರ. ಮಳಿ ಹ್ಯಾಂಗೈತಿ ಆ ಕಡೆ?” ಅನ್ನುತ್ತ ಒಳಗಿನ ಕೋಣೆಯಿಂದ ಬಂದೂಕು ತಂದು ಮೇಜಿನ ಮೇಲಿಟ್ಟ. “ನೋಡ್ಕೋರಿ, ನಿಮ್ಮದ ಹೌದಲ್ಲ? ಇಲ್ಲೊಂದು ಸಹಿ ಹಾಕ್ರಿ.”

ಶಿದ್ಲಿಂಗಪ್ಪ ಪೆನ್ನು ಹಿಡಿದ.

“ಕೊಡಬ್ಯಾಡ್ರಿ ಸಾಹೇಬರ” ಅಂದಳು ಸಾವಂತ್ರೆವ್ವ.

ಹವಾಲ್ದಾರ ತಲೆ ಎತ್ತಿದ. ಪುಂಡಲೀಕ, “ಯವ್ವಾ, ಸುಮ್ನಿರ” ಎಂದು ತೋಳು ಹಿಡಿದ. ಆಕೆ ತೋಳು ಬಿಡಿಸಿಕೊಳ್ಳಲಿಲ್ಲ. ನಿಂತ ಹಾಗೆಯೇ ಹೇಳಿದಳು. “ನಮ್ಮ ಮೈದುನ ಹುಲಿಗೆಪ್ಪಂದು ತಪ್ಪಿ ಹಾರಿದ್ದಲ್ರಿ. ತಾನ ಮಾಡ್ಕೊಂಡಿದ್ದು. ನಾವ ಸುಳ್ಳ ಬರಸೀವಿ. ಈಗ ಇವರೂ ಅದೇ ಹಾದಿ ಹಿಡದಾರ. ನಾ ಕೇಳಾಕತ್ತೀನಿ, ದಿನಾ ಕೇಳಾಕತ್ತೀನಿ. ಕೈ ಮುಗೀತೀನಿ, ಇದನ್ನ ಇಲ್ಲೇ ಇಟಗೋರಿ.”

ಬೆಂಚಿನ ಮೇಲೆ ಕೂತಿದ್ದ ಯಾವುದೋ ಊರಿನ ನಾಲ್ಕು ಮಂದಿ ಕತ್ತು ಉದ್ದ ಮಾಡಿದರು. ಅವರಲ್ಲೊಬ್ಬನಿಗೆ ಸಂಶಿಯ ನಂಟು ಇತ್ತೆಂಬುದು ಆಮೇಲೆ ತಿಳಿದ ಸಂಗತಿ.

ಶಿದ್ಲಿಂಗಪ್ಪನ ಮುಖ ಬೂದಿಯಾಗಿತ್ತು. “ಹವಾಲ್ದಾರ ಸಾಹೇಬರ, ಈ ಹೆಂಗಸಿನ ಮಾತ ಕೇಳಬ್ಯಾಡ್ರಿ. ಆಕಿಗೆ ತಲಿ ಕೆಟ್ಟೈತಿ. ತರ್ರಿ ಇತ್ತ.” ಕೈ ಚಾಚಿದ. ಸಹಿ ಮುಗಿಸದೆಯೇ ಬಂದೂಕಿನ ನಳಿಗೆ ಹಿಡಿದ. ಎಲ್ಲದಕ್ಕೂ ‘ಆಗಲಿ’ ಅನ್ನುತ್ತಿದ್ದ ಮನುಷ್ಯ ಇದೊಂದಕ್ಕೆ ಅನ್ನಲಿಲ್ಲ. ಆ ಹಿಡಿತವನ್ನು ನೋಡಿಯೇ ಪುಂಡಲೀಕ ತಾಯಿಯ ತೋಳು ಬಿಟ್ಟದ್ದು.

ಹಾರೂನ್ ಬಂದೂಕನ್ನು ತನ್ನ ಕಡೆಗೆ ಎಳೆದುಕೊಂಡ. “ಕೇಳಬಾರದಿತ್ತ್ರಿ ಯಪ್ಪಾ. ಆದ್ರ ಈಗ ಕಿವಿಲೆ ಕೇಳೇನಿ. ಕೇಳಿಲ್ಲ ಅಂತ ಮಾಡಾಕ ನನಗ ಬರಂಗಿಲ್ಲ. ನಾಳಿಗೆ ಏನರೆ ಆದ್ರ ಅಲ್ಲಾನ ಮುಂದ ನಾ ಏನ ಹೇಳ್ಲಿ? ಸಾಹೇಬರಿಗೆ ತಿಳಸ್ತೀನಿ. ಧಾರವಾಡದಾಗ ಮನಸ್ಸಿನ ಡಾಕ್ಟರ ಅದಾರ, ಅವರ ಚೀಟಿ ತರ್ರಿ. ಆಮ್ಯಾಲ ನೋಡೂಣು.”

“ನಾ ಹುಚ್ಚ ಅದೀನೇನು?”

“ನನಗೂ ಸಕ್ಕರಿ ಬ್ಯಾನಿ ಐತಿ, ಗುಳಿಗಿ ತಗೋತೀನಿ. ಹುಚ್ಚ ಆಗೇನೇನು? ಹೋಗಿ ಬರ್ರಿ.”

ಮರಳಿ ಬರುವಾಗ ಬಸ್ಸಿನಲ್ಲಿ ಮೂವರೂ ಬೇರೆ ಬೇರೆ ಸೀಟಿನಲ್ಲಿ ಕೂತರು.

ಸುದ್ದಿ ಅವರಿಗಿಂತ ಮೊದಲೇ ಊರು ಮುಟ್ಟಿತ್ತು. ಕಟ್ಟೆಯ ಮೇಲೆ ಎರಡು ಪಂಗಡವಾಯಿತು. ಗಂಡನ ಮಾನವನ್ನು ಠಾಣೆಯಲ್ಲಿ ಕಳೆದವಳು ಎಂದರು ಕೆಲವರು. “ಹಿಂಗ ಹೆಂಡಂದಿರು ಹೋಗಿ ಹೇಳಿದ್ರ ಯಾರ ಮನ್ಯಾಗೂ ಬಂದೂಕ ಉಳಿಯಂಗಿಲ್ಲ. ಹಂದಿಗೆ ಊರ ಬರದ ಕೊಟ್ಟಬಿಡೂಣು” ಅಂದ ಒಬ್ಬ. ಇನ್ನೊಬ್ಬ, ಇದೇ ಹಾದಿ ಹಿಡಿದು ಹೋದ ತನ್ನ ಅಳಿಯನನ್ನು ನೆನೆದೋ ಏನೋ, “ಹಂದಿ ತಿಂದಿದ್ದ ಮತ್ತ ಬಿತ್ತಾಕ ಬರ್ತೈತಿ” ಎಂದು ಎದ್ದುಹೋದ. ಪುಂಡಲೀಕ ತಗಡು, ಬ್ಯಾಟರಿ ಹಿಡಿದು ಹೊಲದ ಕಾವಲು ಮಾಳಕ್ಕೆ ಮಲಗಲು ಹೋಗತೊಡಗಿದ. ಹಂದಿ ಮೇಲಿನ ಹೊಲವನ್ನು ಪೂರ್ತಿ ಕೆದರಿ ಹಾಕಿದವು. ಅವನು ತಾಯಿಯನ್ನು ಬಯ್ಯಲಿಲ್ಲ, ಮಾತೂ ಆಡಲಿಲ್ಲ. ಆದರೆ ತಂದೆಯನ್ನು ಧಾರವಾಡಕ್ಕೆ ಕರೆದೊಯ್ದವನು ಅವನೇ. ಡಾಕ್ಟರು ಗುಳಿಗೆ ಬರೆದುಕೊಟ್ಟರು, ಒಬ್ಬನನ್ನೇ ಬಿಡಬೇಡಿ ಅಂದರು. ಶಿದ್ಲಿಂಗಪ್ಪ ಹೆಂಡತಿಯ ಕೈಯಿಂದ ನೀರಿನ ತಂಬಿಗೆಯನ್ನು ತೆಗೆದುಕೊಳ್ಳುತ್ತಿರಲಿಲ್ಲ. ಸೊಸೆ ಕೊಟ್ಟರೆ ಗುಳಿಗೆ ನುಂಗಿ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ. ಆಕೆ ತುಸು ದೂರದಲ್ಲಿ ಕೂತು ಅವನ ಉಸಿರು ಕೇಳುತ್ತಿದ್ದಳು.

ಸಂಶಿಯವರು ಜಗಳವಾಡಲಿಲ್ಲ. ನಮ್ಮ ಹುಡುಗನಿಗೆ ಈಗ ಯೋಗವಿಲ್ಲವಂತೆ, ಜೋಯಿಸರು ಹೇಳಿದರು ಎಂದು ಹೇಳಿಕಳಿಸಿದರು. ಶಿವಾನಿ ಒಳಗೆ ಹೋಗಿ ಕದ ಹಾಕಿಕೊಂಡಳು.

ಹನಮವ್ವ ಬಂದದ್ದು ಅಂದು ಮಧ್ಯಾಹ್ನ. ಸೆರಗು ನೆಲಕ್ಕೆ ಎಳೆಯುತ್ತಿತ್ತು. ಸಾವಂತ್ರೆವ್ವ ಅಂಗಳದಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು.

“ತಂಪಾತೇನ ಯಕ್ಕಾ ಹೊಟ್ಟಿ? ನನ್ನ ಮಗಳ ಬಾಳೇಕ ಬೆಂಕಿ ಇಟ್ಟೆಲ್ಲ, ತಂಪಾತೇನು? ಹನ್ನೆರಡ ವರ್ಷ ಬಾಯಿ ಮುಚಗೊಂಡಿದ್ದಿ, ಇನ್ನೊಂದ ತಿಂಗಳ ಮುಚಗೊಂಡಿದ್ರ ನಿನಗೇನ ಹೋಗತಿತ್ತು? ನನ್ನ ಗಂಡನ ಹೆಣಾ ತಂದು ಠಾಣೆ ಮೇಜಿನ ಮ್ಯಾಲ ಇಟ್ಟು ನಿನ್ನ ಗಂಡನ್ನ ಕೊಂಡಕೊಂಡಿ!”

ಸಾವಂತ್ರೆವ್ವ ಮೊರ ಕೆಳಗಿಟ್ಟಳು. ನೆಗೆಣ್ಣಿ ಅಂದದ್ದು ಸುಳ್ಳಾಗಿರಲಿಲ್ಲ.

ಹನಮವ್ವ ಬಯ್ದಳು. ಅತ್ತೆಯನ್ನು, ಮನೆತನವನ್ನು, ತನ್ನನ್ನು ನೋಡಲು ಬಂದ ದಿನವನ್ನು ಬಯ್ದಳು. ಓಣಿಯ ಬಾಗಿಲುಗಳು ತೆರೆದವು. ಬಯ್ದು ಬಯ್ದು ದನಿ ಒಡೆದು, ನಿಲ್ಲಲಾರದೆ ಜೋಳದ ರಾಶಿಯ ಬದಿಯಲ್ಲೇ ಕುಸಿದು ಕೂತಳು.

“ನನಗ ಗೊತ್ತಿರಲಿಲ್ಲಂತ ತಿಳದಿ ಏನು?” ಎಂದಳು ಆಮೇಲೆ, ಬೇರೆಯೇ ದನಿಯಲ್ಲಿ. “ಅವತ್ತ ಮುಂಜಾನಿ ನಾ ರೊಟ್ಟಿ ಬಡಿಯಾಕತ್ತಿದ್ದೆ. ಅಂವಾ ಬಂದು ‘ಇವತ್ತ ಎರಡ ರೊಟ್ಟಿ ಕಡಿಮಿ ಬಡಿ’ ಅಂದ. ಯಾಕಂತ ಕೇಳಬೇಕಿತ್ತಲ್ಲ ನಾ? ಎಲ್ಯೋ ಊರಿಗೆ ಹೊಂಟಾನ ಅಂತ ತಿಳಕೊಂಡು ಹಿಟ್ಟ ಡಬ್ಬಿಗೆ ಹೊಳ್ಳಿ ಹಾಕಿದೆ. ಅಷ್ಟ. ಹಿಟ್ಟ ಹೊಳ್ಳಿ ಹಾಕಿದೆ ಯಕ್ಕಾ. ಇದನ್ನ ಯಾರ ಮುಂದ ಹೇಳ್ಲಿ? ತಪ್ಪಿ ಹಾರೇತಿ ಅಂತ ಎಲ್ಲಾರೂ ಸಮಾಧಾನ ಹೇಳಾವರು. ತಪ್ಪಿ ಹಾರಿದ್ದಕ್ಕ ನಾ ಹ್ಯಾಂಗ ಅಳಲಿ?”

ಒಳಗಿನ ಕದ ಸದ್ದು ಮಾಡಿತು. ಶಿದ್ಲಿಂಗಪ್ಪ ಗೋಡೆ ಹಿಡಿದುಕೊಂಡು ಹೊರಗೆ ಬಂದ. ಗಡ್ಡ ಬೆಳೆದಿತ್ತು, ಕಣ್ಣು ಒಳಗೆ ಹೋಗಿದ್ದವು. ಹೊಸ್ತಿಲ ಮೇಲೆ ಕೂತ.

“ಕಪಾಟದ ಕೀಲಿ ನಾನ ಕೊಟ್ಟೀನಿ ಹನಮವ್ವಾ” ಅಂದ. “ಎತ್ತಿಗೆ ನೀರ ಕುಡಸಾಕತ್ತಿದ್ದೆ. ‘ಅಣ್ಣಾ, ಕೀಲಿ’ ಅಂದ. ಉಡದಾರಲಿಂದ ಬಿಚ್ಚಿ ಕೊಟ್ಟೆ. ತಲಿ ಎತ್ತಿ ಅವನ ಮಾರಿ ನೋಡಲಿಲ್ಲ.”

ಹನಮವ್ವ ಅವನನ್ನು ನೋಡಿದಳು. ಆ ನೋಟದಲ್ಲಿ ಕನಿಕರವೇನೂ ಇರಲಿಲ್ಲ. ಸೆರಗು ಎಳೆದು ಸಿಕ್ಕಿಸಿಕೊಂಡು ಎದ್ದಳು, ಅಂಗಳ ದಾಟಿ ಬಾಗಿಲ ತನಕ ನಡೆದಳು.

ಸಾವಂತ್ರೆವ್ವ ಆಕೆಯನ್ನು ಕರೆಯಲಿಲ್ಲ. ಹೋಗಿ ಗಂಡನ ಬಾಜು, ಕೆಳಗಿನ ಮೆಟ್ಟಿಲ ಮೇಲೆ ಕೂತಳು. ಅವನು ಸರಿದು ಕೂರಲಿಲ್ಲ.

“ಮುಂದ ಹೇಳ್ರಿ” ಅಂದಳು.

ಅವನು ಉಡದಾರ ಮುಟ್ಟಿ ನೋಡಿಕೊಂಡ. “ಎತ್ತ ನೀರ ಕುಡೀಲಿಲ್ಲ ಅವತ್ತ” ಎಂದು ಶುರುಮಾಡಿದ.

ಬಾಗಿಲಲ್ಲಿ ಹನಮವ್ವ ಅವರಿಗೆ ಬೆನ್ನು ಮಾಡಿ ನಿಂತಿದ್ದಳು. ಹೊರಗೆ ಕಾಲಿಡಲಿಲ್ಲ.